ಚಾಲನೆಯಲ್ಲಿರುವ ಡೇಟಾಬೇಸ್‌ನ ಬ್ಯಾಕಪ್: ತಪ್ಪು ಕಲ್ಪನೆ ಮತ್ತು ಸತ್ಯ

ನಾಶಿಕ್ ಜಿಲ್ಲೆಯ ದಿಂಡೋರಿ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರರ ಜಮೀನು ದಾಖಲೆಯಾದ ಸಾತ್‌ಬಾರಾ ಉತಾರೆಯೂ ಕರ್ನಾಟಕದ ರೈತರ ಪಹಣಿಯೂ ಇಂದು ಗಣಕೀಕೃತ ದಾಖಲೆಗಳು. ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಮಹಾರಾಷ್ಟ್ರವು 2018ರ ಮೇ 1ರಿಂದ ಡಿಜಿಟಲ್ ಸಹಿಯುಳ್ಳ ಉತಾರೆಗಳನ್ನು ನೀಡತೊಡಗಿತು. ಇಂಥ ದಾಖಲೆಗಳನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇರಿಸುವ ವ್ಯವಸ್ಥೆಯನ್ನು ರಿಲೇಶನಲ್ ಡೇಟಾಬೇಸ್ ಎನ್ನುತ್ತಾರೆ. ಅದರ ಬ್ಯಾಕಪ್, ಅಂದರೆ ಕಾಪು ಪ್ರತಿಯ ಕುರಿತ ಕೆಲವು ನಂಬಿಕೆಗಳು ದಾಖಲೆಗಳಿಗೇ ಕುತ್ತು ತರಬಲ್ಲವು.

ತಪ್ಪು ಕಲ್ಪನೆ: ಡೇಟಾಬೇಸ್‌ನ ಕಡತಗಳನ್ನು ನಕಲಿಸಿಕೊಂಡರೆ ಸಾಕು.
ಸತ್ಯ: ಜಮೀನು ಮಾರಾಟವಾದಾಗ ಮಾರಿದವರ ಹೆಸರು ತೆಗೆಯುವುದೂ ಕೊಂಡವರ ಹೆಸರು ಸೇರಿಸುವುದೂ ಒಟ್ಟಿಗೆ ಆಗಬೇಕು, ಇಲ್ಲವೇ ಎರಡೂ ಆಗಬಾರದು, ಇಂಥ ಅವಿಭಾಜ್ಯ ಬದಲಾವಣೆಗೆ ಟ್ರಾನ್ಸಾಕ್ಷನ್ ಎಂದು ಹೆಸರು. ಬದಲಾವಣೆಗಳು ಮೊದಲು ಲಾಗ್ ಎಂಬ ದಿನಚರಿ ಕಡತಕ್ಕೆ ಸೇರಿ, ಕೋಷ್ಟಕದ ಕಡತಗಳಿಗೆ ತಡವಾಗಿ ಇಳಿಯುವುದರಿಂದ, ನಡುವೆ ಮಾಡಿದ ಬರಿಯ ನಕಲಿನಲ್ಲಿ ಒಂದು ಕಡತ ಹಳೆಯ ಸ್ಥಿತಿಯನ್ನೂ ಇನ್ನೊಂದು ಹೊಸ ಸ್ಥಿತಿಯನ್ನೂ ತೋರಿಸಬಹುದು.

ತಪ್ಪು ಕಲ್ಪನೆ: ಬ್ಯಾಕಪ್‌ಗಾಗಿ ಸೇವೆಯನ್ನು ನಿಲ್ಲಿಸಲೇಬೇಕು.
ಸತ್ಯ: ಡೇಟಾಬೇಸ್ ತಂತ್ರಾಂಶಗಳಾದ ಪೋಸ್ಟ್‌ಗ್ರೆಸ್‌ನಲ್ಲಿಯೂ ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಕೋಷ್ಟಕಗಳಲ್ಲಿಯೂ ಒಂದೇ ಸಾಲಿನ ಹಳೆಯ ಮತ್ತು ಹೊಸ ರೂಪಗಳು ಕೆಲಕಾಲ ಜೊತೆಗಿರುತ್ತವೆ. ಆದ್ದರಿಂದ ಬ್ಯಾಕಪ್ ಒಂದು ನಿರ್ದಿಷ್ಟ ಕ್ಷಣದ ಸುಸಂಗತ ಚಿತ್ರವನ್ನು ಓದುತ್ತಿರುವಾಗಲೇ ಜನರ ಅರ್ಜಿಗಳು ದಾಖಲಾಗುತ್ತಿರಬಹುದು. ಕೋಷ್ಟಕದ ರಚನೆಯನ್ನೇ ಬದಲಿಸುವ ಕೆಲಸವನ್ನು ಮಾತ್ರ ಆಗ ಮುಂದೂಡುವುದು ಒಳಿತು.

ತಪ್ಪು ಕಲ್ಪನೆ: ಎರಡನೆಯ ಸರ್ವರ್‌ನಲ್ಲಿ ಪ್ರತಿಬಿಂಬವಿದ್ದರೆ ಬ್ಯಾಕಪ್ ಬೇಡ.
ಸತ್ಯ: ಯಂತ್ರ ಕೆಟ್ಟಾಗ ಪ್ರತಿಬಿಂಬ ನೆರವಾಗುತ್ತದೆ, ಆದರೆ ತಪ್ಪು ಆದೇಶದಿಂದ ಅಳಿದ ಸಾಲುಗಳು ಸಾಮಾನ್ಯವಾಗಿ ಕೆಲವೇ ಕ್ಷಣಗಳಲ್ಲಿ ಅಲ್ಲಿಯೂ ಅಳಿಯುತ್ತವೆ.

ತಪ್ಪು ಕಲ್ಪನೆ: ರಾತ್ರಿಯ ಬ್ಯಾಕಪ್ ಇದ್ದರೂ ಹಗಲಿನ ಕೆಲಸ ನಷ್ಟವಾಗುವುದು ಅನಿವಾರ್ಯ.
ಸತ್ಯ: ಮೂಲ ಬ್ಯಾಕಪ್‌ನೊಡನೆ ಅನಂತರದ ಲಾಗ್‌ಗಳನ್ನೂ ಬೇರೆಡೆ ಕಾಯ್ದಿರಿಸಿದ್ದರೆ, ಅವುಗಳನ್ನು ಕ್ರಮವಾಗಿ ಮರುನಡೆಸಿ ಅವಘಡದ ಹಿಂದಿನ ಕ್ಷಣದವರೆಗೂ ದಾಖಲೆಗಳನ್ನು ಮರಳಿಸಬಹುದು, ಪೋಸ್ಟ್‌ಗ್ರೆಸ್‌ಗೆ ಈ ಸಾಮರ್ಥ್ಯ 2005ರ 8.0 ಆವೃತ್ತಿಯಲ್ಲಿ ಬಂದಿತು.

ತಪ್ಪು ಕಲ್ಪನೆ: ಬ್ಯಾಕಪ್ ವೇಳಾಪಟ್ಟಿ ಜಾರಿಯಲ್ಲಿದ್ದರೆ ದಾಖಲೆಗಳು ಸುರಕ್ಷಿತ.
ಸತ್ಯ: 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯ ಡೇಟಾಬೇಸ್ ತಪ್ಪಿ ಅಳಿಸಿಹೋದಾಗ, ಉಪಕರಣದ ಆವೃತ್ತಿ ಹೊಂದಿಕೆಯಾಗದೆ ನಿತ್ಯದ ಬ್ಯಾಕಪ್ ವಿಫಲವಾಗುತ್ತಿದ್ದುದೂ, ಅದರ ಎಚ್ಚರಿಕೆಯ ಇಮೇಲ್‌ಗಳು ಯಾರಿಗೂ ತಲುಪದಿದ್ದುದೂ ಬೆಳಕಿಗೆ ಬಂದವು. ಸುಮಾರು ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೇ ಕೊನೆಗೆ ನೆರವಾಯಿತು.

ಆದ್ದರಿಂದ ದಾಖಲೆಗಳನ್ನು ಕಾಯುವ ಪ್ರತಿಯೊಂದು ಕಚೇರಿಯೂ ಬ್ಯಾಕಪ್ಪನ್ನು ನಿಯತವಾಗಿ ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ, ಪರೀಕ್ಷಿಸಿ ನೋಡಬೇಕು; ಮರಳಿ ತರಲಾಗದ ಪ್ರತಿಯನ್ನು ಬ್ಯಾಕಪ್ ಎಂದು ಎಣಿಸಬಾರದು.