ಆನೆಯನ್ನು ಕೊಳ್ಳುವ ಮುನ್ನ

(ಬಾನುಲಿ ಭಾಷಣ)

ಕಳೆದ ವರ್ಷ ಯುಗಾದಿಯ ಮರುದಿನ ನನ್ನ ತಮ್ಮನ ಮಗ ಮನೆಗೆ ಬಂದ. ಕೈಯಲ್ಲಿ ಹೋಳಿಗೆಯ ಡಬ್ಬಿ, ಮುಖದಲ್ಲಿ ಏನೋ ಒಂದು ಉತ್ಸಾಹ. "ದೊಡ್ಡಪ್ಪ, ಒಂದು ಕಾರು ನೋಡಿದ್ದೇನೆ. ಜರ್ಮನ್ ಕಾರು. ಹೊಸದಾಗಿದ್ದಾಗ ಐವತ್ತು ಲಕ್ಷ ಬೆಲೆ. ಏಳು ವರ್ಷ ಓಡಿದೆ. ಈಗ ಹದಿನೆಂಟಕ್ಕೆ ಕೊಡುತ್ತಾರಂತೆ. ನೀವೊಮ್ಮೆ ಬಂದು ನೋಡಬೇಕು" ಎಂದ. ಆ ಹದಿನೆಂಟು ಲಕ್ಷ ಅವನ ಒಂಬತ್ತು ವರ್ಷಗಳ ಉಳಿತಾಯ. ಮನೆಯ ಸಾಲ ಇನ್ನೂ ತೀರಿಲ್ಲ. ಮಗಳು ಶಾಲೆಗೆ ಸೇರಿದ್ದಾಳೆ.

ನಾನು ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ವಿಷಯವನ್ನು ಪಾಠ ಹೇಳಿದವನು; ಅವನು ನನ್ನ ಬಳಿ ಬಂದುದು ಅದಕ್ಕೆ. ಆದರೆ ಅವನಿಗೆ ಪೂರ್ತಿ ತಿಳಿಯದಿದ್ದ ಇನ್ನೊಂದು ಅರ್ಹತೆಯೂ ನನಗಿತ್ತು. ಇಂಥದೇ ಒಂದು ಕಾರನ್ನು ಕೊಂಡು ನಾನು ಕೈಸುಟ್ಟುಕೊಂಡಿದ್ದೆ. ಅದನ್ನು ಏಕೆ ಮಾರಿದೆನೆಂಬುದನ್ನು ಮನೆಯವರಿಗೂ ಸರಿಯಾಗಿ ಹೇಳಿರಲಿಲ್ಲ. ಪಾಠ ಹೇಳುವವನೇ ಮೋಸಹೋದನೆಂದರೆ ನಗೆಗೀಡಲ್ಲವೆ? ಅಂದು ಅವನಿಗೆ ಹೇಳಿದುದನ್ನೇ ಇಂದು ತಮ್ಮ ಮುಂದೆಯೂ ಹೇಳುತ್ತೇನೆ.

ಮೊದಲು ಈ ಜಾತಿಯ ಕಾರು ಯಾವುದೆಂಬುದನ್ನು ನೋಡೋಣ. ನಾಲ್ಕು ಬಾಗಿಲು, ಐದು ಜನರಿಗೆ ಸುಖವಾದ ಆಸನ, ಹಿಂದೆ ಸಾಮಾನಿಗೆ ಡಿಕ್ಕಿ. ಇಷ್ಟಿದ್ದರೆ ಅದು ಸೆಡಾನ್. ಅದಕ್ಕೆ ಬಲವಾದ ಎಂಜಿನ್ನು, ಬಿಗಿಯಾದ ಸಸ್ಪೆನ್ಷನ್ನು, ತಿರುವಿನಲ್ಲಿ ರಸ್ತೆಯನ್ನು ಕಚ್ಚಿ ಹಿಡಿಯುವ ಗುಣ ಸೇರಿದರೆ ಸ್ಪೋರ್ಟ್ಸ್ ಸೆಡಾನ್ ಆಗುತ್ತದೆ. ಇಂಗ್ಲೆಂಡಿನ ಜಾಗ್ವಾರ್ ಸಂಸ್ಥೆ 1959ರಲ್ಲಿ ಹೊರತಂದ ಮಾರ್ಕ್-2 ಈ ವಂಶದ ಹಿರಿಯರಲ್ಲೊಂದು. ಅದರ ವೇಗವನ್ನು ಮೆಚ್ಚಿ ಅಲ್ಲಿನ ಪೊಲೀಸರೂ ಅದನ್ನು ಬಳಸಿದರು, ಕಳ್ಳರೂ ಬಳಸಿದರು. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ 1972ರಲ್ಲಿ 5 ಸರಣಿಯನ್ನೂ 1975ರಲ್ಲಿ 3 ಸರಣಿಯನ್ನೂ ಆರಂಭಿಸಿತು. ನಮ್ಮ ದೇಶದಲ್ಲಿ ಮರ್ಸಿಡಿಸ್ ಕಾರುಗಳ ಜೋಡಣೆ 1995ರಲ್ಲಿ ಪುಣೆಯಲ್ಲಿ ಮೊದಲಾಯಿತು. 2007ರಲ್ಲಿ ಚೆನ್ನೈನ ಬಳಿ ಬಿ.ಎಂ.ಡಬ್ಲ್ಯು. ಕಾರ್ಖಾನೆ ತೆರೆಯಿತು. ಅಲ್ಲಿಂದೀಚೆಗೆ ಬೆಂಗಳೂರಿನಂಥ ಊರಿನಲ್ಲಿ ಇವು ಅಪರೂಪವಾಗಿ ಉಳಿಯಲಿಲ್ಲ. ಹೊಸದಾಗಿ ಕೊಂಡವರು ನಾಲ್ಕೈದು ವರ್ಷಕ್ಕೆ ಬದಲಾಯಿಸುತ್ತಾರೆ. ಹಾಗೆ ಬಿಟ್ಟ ಕಾರುಗಳೇ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುವುವು.

ಅವು ಅಷ್ಟು ಅಗ್ಗವೇಕೆ? ಈ ಒಂದು ಪ್ರಶ್ನೆಗೆ ಉತ್ತರ ತಿಳಿದರೆ ಮಿಕ್ಕುದೆಲ್ಲ ತಾನಾಗಿ ತಿಳಿಯುತ್ತದೆ. ಐವತ್ತು ಲಕ್ಷದ ಕಾರನ್ನು ಕೊಳ್ಳಬಲ್ಲವನು ಹೊಸದನ್ನೇ ಕೊಳ್ಳುತ್ತಾನೆ; ಹಳೆಯದು ಅವನಿಗೆ ಬೇಡ. ಹಳೆಯದನ್ನು ಬಯಸುವವನಿಗೆ ಅದನ್ನು ಸಾಕುವ ಭಯ. ಹೀಗಾಗಿ ಬೆಲೆ ಬಿದ್ದುಹೋಗುತ್ತದೆ. ಆದರೆ ಬೀಳುವುದು ಕಾರಿನ ಬೆಲೆ ಮಾತ್ರ, ಬಿಡಿಭಾಗಗಳ ಬೆಲೆಯಲ್ಲ. ಹದಿನೆಂಟು ಲಕ್ಷಕ್ಕೆ ಕೊಂಡ ಕಾರಿನ ಬ್ರೇಕು, ದೀಪ, ಗೇರ್‌ಬಾಕ್ಸುಗಳೆಲ್ಲ ಇಂದಿಗೂ ಐವತ್ತು ಲಕ್ಷದ ಕಾರಿನವೇ. ಆನೆ ಕೊಂಡವನು ಅಂಕುಶಕ್ಕೆ ಚೌಕಾಶಿ ಮಾಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಲ್ಲಿ ಆನೆ ಅಗ್ಗ, ಅಂಕುಶ ದುಬಾರಿ.

ನನ್ನ ಕಥೆ ಇಷ್ಟೆ. ಒಂಬತ್ತು ಲಕ್ಷಕ್ಕೆ ಕೊಂಡೆ. ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಸರ್ವಿಸ್ ದಾಖಲೆಗಳನ್ನು ಕೇಳಿದಾಗ ಮಾರುವಾತ "ಎಲ್ಲ ಹೊರಗೆ ಮಾಡಿಸಿದ್ದು ಸಾರ್, ಬಿಲ್ಲು ಇಟ್ಟಿಲ್ಲ" ಎಂದ. ನಾನು ಸುಮ್ಮನಾದೆ. ಎಂಟನೆಯ ತಿಂಗಳು ಗೇರ್ ಬೀಳುವಾಗ ಒಂದು ಜಗ್ಗು ಕಾಣಿಸಿತು. ಹತ್ತನೆಯ ತಿಂಗಳು ತುಮಕೂರು ರಸ್ತೆಯ ನಡುವೆ ಕಾರು ಮುಂದಕ್ಕೆ ಹೋಗಲೊಲ್ಲದೆ ನಿಂತಿತು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದುರಸ್ತಿಗೆ ನಾಲ್ಕೂಕಾಲು ಲಕ್ಷ. ಮಾಡಿಸಿದೆ. ಆಮೇಲೆ ಅದನ್ನು ನಡೆಸುವ ಧೈರ್ಯ ಉಳಿಯದೆ ಬಂದಷ್ಟಕ್ಕೆ ಮಾರಿದೆ. ಆ ಗೇರ್‌ಬಾಕ್ಸಿನ ಎಣ್ಣೆಯನ್ನು ಹುಟ್ಟಿದಂದಿನಿಂದ ಯಾರೂ ಬದಲಾಯಿಸಿರಲಿಲ್ಲವೆಂದು ಬಿಚ್ಚಿದ ಮೇಕ್ಯಾನಿಕ್ ಹೇಳಿದ. ಕೆಲವು ಕಾರು ತಯಾರಕರು ಈ ಎಣ್ಣೆ ಆಯುಷ್ಯವಿರುವ ತನಕ ಸಾಕೆಂದು ಹೇಳುತ್ತ ಬಂದರು. ಆದರೆ ಇಂಥ ಎಷ್ಟೋ ಕಾರುಗಳಿಗೆ ಗೇರ್‌ಬಾಕ್ಸನ್ನು ಮಾಡಿಕೊಡುವ ಜರ್ಮನಿಯ ಜಡ್.ಎಫ್. ಸಂಸ್ಥೆಯೇ 80,000ದಿಂದ 1,20,000 ಕಿಲೋಮೀಟರಿಗೊಮ್ಮೆ, ಇಲ್ಲವೆ 8 ವರ್ಷಕ್ಕೊಮ್ಮೆ ಬದಲಿಸಬೇಕೆಂದು ಸಲಹೆ ಮಾಡಿದೆ. ಇದು ನನಗೆ ಗೊತ್ತಿತ್ತು. ಕೇಳುವುದನ್ನು ಮಾತ್ರ ಬಿಟ್ಟಿದ್ದೆ.

ಆದುದರಿಂದ ನನ್ನ ಮೊದಲ ಮಾತು: ಕಾರನ್ನು ಆರಿಸುವ ಮೊದಲು ಅದರ ಹಿಂದಿನ ಯಜಮಾನನನ್ನು ಆರಿಸಿ. ಒಂದು ಲಕ್ಷ ಕಿಲೋಮೀಟರು ಓಡಿ, ಪ್ರತಿ ಸರ್ವಿಸಿನ ಬಿಲ್ಲನ್ನೂ ಜೋಡಿಸಿಟ್ಟವನ ಕಾರು, ನಲವತ್ತು ಸಾವಿರ ಓಡಿ ದಾಖಲೆಯೇ ಇಲ್ಲದ ಕಾರಿಗಿಂತ ಮೇಲು. ಬಿಲ್ಲುಗಳಲ್ಲಿ ದಿನಾಂಕದೊಡನೆ ಮೀಟರಿನ ಅಂಕಿಯೂ ಇರುತ್ತದಷ್ಟೆ. ಆ ಅಂಕಿಗಳು ಕ್ರಮವಾಗಿ ಏರಿವೆಯೇ ನೋಡಿ. ಮೀಟರನ್ನು ಹಿಂದಕ್ಕೆ ತಿರುಗಿಸುವ ವಿದ್ಯೆ ನಮ್ಮಲ್ಲಿ ಹೊಸದಲ್ಲ. ಆದರೆ ಸವೆದ ಬ್ರೇಕ್ ಪೆಡಲು, ನುಣುಪಾದ ಸ್ಟಿಯರಿಂಗು, ಕುಸಿದ ಚಾಲಕನ ಆಸನ ಇವನ್ನು ಹಿಂದಕ್ಕೆ ತಿರುಗಿಸಲಾಗದು.

ಎರಡನೆಯದು ಕಾಗದಪತ್ರ. ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆಯ 17 ಅಕ್ಷರಾಂಕಗಳು ಕಾರಿನ ಮೇಲಿರುವುದರೊಡನೆ ಒಂದೊಂದಾಗಿ ಹೊಂದಬೇಕು. ಬ್ಯಾಂಕಿನ ಸಾಲದ ಮೇಲೆ ಕೊಂಡ ಕಾರಾಗಿದ್ದರೆ ಸಾಲ ತೀರಿದುದಕ್ಕೆ ಬ್ಯಾಂಕಿನ ಪತ್ರವೂ 35ನೆಯ ನಮೂನೆಯೂ ಬೇಕು. ಬೇರೆ ರಾಜ್ಯದ ಕಾರಾದರೆ ಅಲ್ಲಿನ ಆರ್.ಟಿ.ಓ. ಕಚೇರಿಯ ಎನ್.ಓ.ಸಿ., ಅಂದರೆ 28ನೆಯ ನಮೂನೆ, ಕೈಗೆ ಬರುವ ತನಕ ಪೂರ್ತಿ ಹಣ ಕೊಡಕೂಡದು. ದೆಹಲಿಯ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನು ಹಸಿರು ನ್ಯಾಯಮಂಡಳಿ 2015ರಲ್ಲಿ ನಿಷೇಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ವರ್ಷಗಳಲ್ಲಿ ಅಲ್ಲಿಂದ ಎಷ್ಟೋ ಕಾರುಗಳು ಅಗ್ಗವಾಗಿ ದಕ್ಷಿಣಕ್ಕಿಳಿದುವು. ಅಗ್ಗವೆಂದು ತಂದವರು ಇಲ್ಲಿನ ಜೀವಿತಾವಧಿ ತೆರಿಗೆಯ ಲೆಕ್ಕ ಕಂಡು ಬೆಚ್ಚಿದರು. ಆ ತೆರಿಗೆಯನ್ನು ಮೊದಲೇ ಆರ್.ಟಿ.ಓ.ದಲ್ಲಿ ವಿಚಾರಿಸಿ, ಬೆಲೆಗೆ ಸೇರಿಸಿಯೇ ಅಗ್ಗವೋ ತುಟ್ಟಿಯೋ ನಿರ್ಣಯಿಸಬೇಕು.

ಮೂರನೆಯದು ನೀರು. 2015ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟಿನಲ್ಲಿ ಕೇರಳ, 2022ರ ಸೆಪ್ಟೆಂಬರಿನಲ್ಲಿ ನಮ್ಮ ಬೆಳ್ಳಂದೂರು, ಯಮಲೂರಿನ ಕಡೆ ಮುಳುಗಿದವು. ದೊಡ್ಡ ಮನೆಗಳ ಅಂಗಳದಲ್ಲಿ ದುಬಾರಿ ಕಾರುಗಳು ನೀರಿನಲ್ಲಿ ನಿಂತಿದ್ದ ಚಿತ್ರಗಳನ್ನು ತಾವೂ ನೋಡಿರಬಹುದು. ಮುಳುಗಿದ ಕಾರನ್ನು ತೊಳೆದು ಒಣಗಿಸಿದರೆ ಹೊರಗೆ ಏನೂ ತೋರದು. ಆದರೆ ಈ ಕಾರುಗಳಲ್ಲಿ ನರಮಂಡಲದಂತೆ ಹಬ್ಬಿದ ವೈರುಗಳೂ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಇವೆ. ಅವು ತಿಂಗಳುಗಟ್ಟಲೆ ನಿಧಾನವಾಗಿ ಕಿಲುಬು ಹಿಡಿಯುತ್ತವೆ. ಪರೀಕ್ಷೆ ಸುಲಭ. ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಆಸನದ ಕೆಳಗಿನ ಕಬ್ಬಿಣದ ಹಳಿಯನ್ನು ಬೆರಳಿನಿಂದ ತಡವಿ. ಸ್ಟೆಪ್ನಿ ಇರುವ ಗುಂಡಿಯ ತಳದಲ್ಲಿ ಮರಳು, ಮಣ್ಣು ಇರಬಾರದು.

ಸ್ಟೆಪ್ನಿ ಎಂದೆ. ಈ ಜಾತಿಯ ಎಷ್ಟೋ ಕಾರುಗಳಲ್ಲಿ ಅದೇ ಇರುವುದಿಲ್ಲ. ಗಾಳಿ ಹೋದರೂ ಸುಮಾರು 80 ಕಿಲೋಮೀಟರು ದೂರ, 80ರ ವೇಗ ಮೀರದಂತೆ ಓಡಬಲ್ಲ ರನ್-ಫ್ಲ್ಯಾಟ್ ಟೈರುಗಳನ್ನು ಹಾಕಿರುತ್ತಾರೆ. ಅವುಗಳ ಬೆಲೆ ಹೆಚ್ಚು, ಗುಂಡಿಬಿದ್ದ ರಸ್ತೆಯಲ್ಲಿ ಆಯುಷ್ಯ ಕಡಿಮೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 3519 ಎಂದಿದ್ದರೆ 2019ರ 35ನೆಯ ವಾರದಲ್ಲಿ ಆದುದು ಎಂದರ್ಥ. ನಾಲ್ಕು ಟೈರುಗಳನ್ನೂ ಒಟ್ಟಿಗೆ ಬದಲಿಸಬೇಕಾಗಿ ಬಂದರೆ ಅದೊಂದು ದೊಡ್ಡ ಮೊತ್ತವೆಂಬುದನ್ನು ನೆನಪಿಡಿ. ಹಾಗೆಯೇ ಕಿಟಕಿಯ ಗಾಜುಗಳ ಮೂಲೆಯಲ್ಲಿ ತಯಾರಿಕೆಯ ವರ್ಷದ ಗುರುತಿರುತ್ತದೆ. ಐದು ಗಾಜು ಒಂದು ವರ್ಷದ್ದಾಗಿ ಒಂದು ಮಾತ್ರ ಬೇರೆಯಾಗಿದ್ದರೆ ಆ ಬಾಗಿಲಿಗೆ ಏನಾಯಿತೆಂದು ಕೇಳಬೇಕು.

ಇನ್ನು ಎಂಜಿನ್ನು. ನೀವು ಬರುವ ಮುನ್ನ ಕಾರನ್ನು ಸ್ಟಾರ್ಟ್ ಮಾಡಕೂಡದೆಂದು ಮಾರುವವರಿಗೆ ತಿಳಿಸಿ, ಹೋದೊಡನೆ ಬಾನೆಟ್ಟನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಯಾವುದೋ ಸದ್ದನ್ನು ಅಡಗಿಸಿದ್ದಾರೆಂದು ಶಂಕಿಸಬಹುದು. ತಣ್ಣಗಿನ ಎಂಜಿನ್ನು ಮೊದಲ ಕೆಲವು ಕ್ಷಣಗಳಲ್ಲಿ ತನ್ನ ಆರೋಗ್ಯವನ್ನು ತಾನೇ ಹೇಳುತ್ತದೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಎಂಜಿನ್ನು ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ತಂಪುನೀರು ಒಳಗೆ ಸೋರುತ್ತಿರಬಹುದು. ಚೈನಿನ ಗಲಗಲ ಸದ್ದನ್ನು ಅಲಕ್ಷ್ಯ ಮಾಡಬೇಡಿ. ಬಿ.ಎಂ.ಡಬ್ಲ್ಯು.ದ ಎನ್-47 ಎಂಬ ಡೀಸೆಲ್ ಎಂಜಿನ್ನು 2007ರಲ್ಲಿ ಬಂತು. ಅದರಲ್ಲಿ ಟೈಮಿಂಗ್ ಚೈನನ್ನು ಗೇರ್‌ಬಾಕ್ಸಿನ ಕಡೆಗೆ ಇಟ್ಟಿದ್ದಾರೆ. ಆರಂಭದ ವರ್ಷಗಳ ಎಂಜಿನ್ನುಗಳಲ್ಲಿ ಆ ಚೈನು ಬೇಗ ಸವೆಯುವುದು ಹೆಸರಾದ ದೋಷ. ಚೈನಿನ ಬೆಲೆ ಹೆಚ್ಚಲ್ಲ. ಅದನ್ನು ತಲುಪುವ ಕೂಲಿಯೇ ಹೆಚ್ಚು. ಕೊಳ್ಳುವ ಕಾರಿನ ಎಂಜಿನ್ನು ಯಾವುದು, ಅದರ ಪ್ರಸಿದ್ಧ ರೋಗವೇನು, ಅದಕ್ಕೆ ಚಿಕಿತ್ಸೆ ಆಗಿದೆಯೇ? ಈ ಮೂರನ್ನು ತಿಳಿಯದೆ ಮುಂದುವರಿಯಬಾರದು.

ಒಬ್ಬ ಸ್ವತಂತ್ರ ಮೇಕ್ಯಾನಿಕ್ಕನನ್ನು ಕರೆದೊಯ್ದು ಕಾರಿನ ಕಂಪ್ಯೂಟರನ್ನೂ ಸ್ಕ್ಯಾನ್ ಮಾಡಿಸಿ. ದೋಷಗಳ ಪಟ್ಟಿಯನ್ನು ಹಿಂದಿನ ದಿನವೇ ಅಳಿಸಿಹಾಕಿದ್ದರೂ, ಕಾರಿನ ಸ್ವಯಂಪರೀಕ್ಷೆಗಳು ಇನ್ನೂ ಪೂರ್ತಿಯಾಗಿಲ್ಲವೆಂದು ಆ ಯಂತ್ರ ತೋರಿಸುತ್ತದೆ. ಇಂಥ ಕಾರುಗಳನ್ನು ತರುಣರು ರೀಮ್ಯಾಪ್ ಮಾಡಿಸಿ ಶಕ್ತಿ ಹೆಚ್ಚಿಸಿಕೊಳ್ಳುವುದುಂಟು. ಹಾಗೆ ದುಡಿಸಿದ ಕುದುರೆಯನ್ನು ಬಿಡುವುದು ಲೇಸು. ಬಳಿಕ ಓಡಿಸಿ ನೋಡಿ. ಹಂಪಿನ ಮೇಲೆ ಕೆಳಭಾಗ ಉಜ್ಜುತ್ತದೆಯೇ? ಸಸ್ಪೆನ್ಷನ್ನು ಕಟಕಟ ಎನ್ನುತ್ತದೆಯೇ? ನಿಧಾನವಾದ ಸಂಚಾರದಲ್ಲಿ ಗೇರುಗಳು ಜಗ್ಗುತ್ತವೆಯೇ? ವೇಗದಲ್ಲಿ ಬ್ರೇಕು ಹಾಕಿದಾಗ ಸ್ಟಿಯರಿಂಗು ನಡುಗುತ್ತದೆಯೇ?

ಪೆಟ್ರೋಲೋ ಡೀಸೆಲ್ಲೋ ಎಂದು ಕೇಳುವವರುಂಟು. 2020ರ ಏಪ್ರಿಲ್ 1ರಂದು ಬಿ.ಎಸ್.-6 ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಸೋಸುಕವಿರುತ್ತದೆ. ಎಂಜಿನ್ನು ಚೆನ್ನಾಗಿ ಬಿಸಿಯೇರಿ ಬಹುದೂರ ಓಡಿದಾಗ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ದಿನವೂ ಮನೆಯಿಂದ ಕಚೇರಿಗೆ ಐದಾರು ಕಿಲೋಮೀಟರು ತೆವಳುವವನಿಗೆ ಪೆಟ್ರೋಲೇ ಸರಿ. ವಾರಕ್ಕೊಮ್ಮೆ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿಬರುವವನಿಗೆ ಡೀಸೆಲ್ಲು ಒಪ್ಪುತ್ತದೆ.

ಕೊನೆಯದು ಹಣ. ಕೈಯಲ್ಲಿ ಹದಿನೆಂಟು ಲಕ್ಷವಿದ್ದರೆ ಹದಿನೆಂಟು ಲಕ್ಷದ ಕಾರನ್ನು ಕೊಳ್ಳಬೇಡಿ; ಹದಿನಾಲ್ಕರದನ್ನು ಕೊಳ್ಳಿ. ಮಿಕ್ಕ ನಾಲ್ಕು ಲಕ್ಷವನ್ನು ಬೇರೆಯಾಗಿಡಿ. ಅದು ಉಳಿತಾಯವಲ್ಲ, ಕಾರಿನದೇ ಬೆಲೆಯ ಇನ್ನೊಂದು ಕಂತು. ಯಾವಾಗ ಕೊಡಬೇಕಾದೀತೆಂಬುದು ಮಾತ್ರ ತಿಳಿಯದು. ಆ ಹಣವನ್ನು ಬದಿಗಿಡಲಾಗದಿದ್ದರೆ ಸಾಧಾರಣವಾದ ಹೊಸ ಕಾರನ್ನು ಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ.

ನಮ್ಮ ಹುಡುಗನ ಕಾರನ್ನು ಹೋಗಿ ನೋಡಿದೆವು. ಬಾನೆಟ್ಟು ಬೆಚ್ಚಗಿತ್ತು. ಹಿಂದಿನ ಎಡಗಡೆಯ ಗಾಜು ಎರಡು ವರ್ಷ ಕಿರಿಯದು. ಮಧ್ಯದ ಮೂರು ವರ್ಷಗಳ ಬಿಲ್ಲುಗಳಿಲ್ಲ. "ಹೊರಗೆ ಮಾಡಿಸಿದ್ದು" ಎಂದರು. ನಾನು ಆ ಮಾತನ್ನು ಹಿಂದೆ ಎಲ್ಲಿ ಕೇಳಿದ್ದೆನೆಂಬುದನ್ನು ಮನೆಗೆ ಮರಳುವ ದಾರಿಯಲ್ಲಿ ಅವನಿಗೆ ಹೇಳಿದೆ; ನಾಲ್ಕೂಕಾಲು ಲಕ್ಷದ ವಿಷಯವನ್ನೂ ಹೇಳಿದೆ. ಅವನು ನಗಲಿಲ್ಲ. "ಮೊದಲೇ ಹೇಳಬಾರದಿತ್ತೆ, ದೊಡ್ಡಪ್ಪ?" ಎಂದ. ಹೇಳಬೇಕಿತ್ತು.

ಐದು ತಿಂಗಳ ಮೇಲೆ ಅವನಿಗೆ ಬೇರೊಂದು ದೊರೆಯಿತು. ಎಂಬತ್ತೆಂಟು ಸಾವಿರ ಕಿಲೋಮೀಟರು ಓಡಿದುದು, ಬಣ್ಣ ಅಲ್ಲಲ್ಲಿ ಮಾಸಿದುದು. ಆದರೆ ಅದನ್ನು ಹೊಸದಾಗಿ ಕೊಂಡಿದ್ದ ವೈದ್ಯರು ಪ್ರತಿಯೊಂದು ಬಿಲ್ಲನ್ನೂ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದ ಬಿಲ್ಲೂ ಅದರಲ್ಲಿತ್ತು. ಬೆಲೆ ಹದಿನಾಲ್ಕೂವರೆ ಲಕ್ಷ. ಈಚೆಗೆ ಅದರ ನೀರಿನ ಪಂಪು ಹೋಯಿತು. ಅವನು ಬೇರೆಯಾಗಿಟ್ಟಿದ್ದ ಹಣದಿಂದ ಹಾಕಿಸಿದ. ಆ ಬಿಲ್ಲು ಈಗ ಅದೇ ಫೈಲಿನಲ್ಲಿದೆ.