ಕರಿಮೆಣಸಿನ ರಾಣಿ

ಅಕ್ಕ ತಂಗಿಯರೇ, ತೆಂಗಿನಗುಂಡಿಯ ದಡದಲ್ಲಿ ನಿಂತರೆ ನಮಗೆ ಮೀನಿನ ದೋಣಿ ಕಾಣುತ್ತವೆ. ನಾನೂರೈವತ್ತು ವರ್ಷಕ್ಕೂ ಹಿಂದೆ ಇದೇ ಕಡಲಿನಲ್ಲಿ ಪೋರ್ಚುಗೀಸರ ಹಡಗು ಓಡಾಡುತ್ತಿದ್ದವು. ಅವರ ಕಣ್ಣು ನಮ್ಮ ಘಟ್ಟದ ಕರಿಮೆಣಸಿನ ಮೇಲೆ. 1542ರಲ್ಲಿ ಅವರು ಭಟ್ಕಳಕ್ಕೇ ಬೆಂಕಿ ಇಟ್ಟರು.

ಹತ್ತು ವರ್ಷದ ನಂತರ, 1552ರಲ್ಲಿ, ಗೇರುಸೊಪ್ಪೆಯಲ್ಲಿ ಒಬ್ಬ ಹೆಂಗಸು ಪಟ್ಟಕ್ಕೆ ಬಂದಳು. ಅವಳೇ ರಾಣಿ ಚೆನ್ನಭೈರಾದೇವಿ. ಹೆಸರು ಉದ್ದ ಅಲ್ವಾ? ಒಡೆದು ಓದೋಣ: ಚೆನ್ನ, ಭೈರಾ, ದೇವಿ.

ಮೆಣಸಿನ ವ್ಯಾಪಾರ ಅವಳ ಕೈಯಲ್ಲಿತ್ತು. ಪೋರ್ಚುಗೀಸರೇ ಅವಳನ್ನು 'ಕರಿಮೆಣಸಿನ ರಾಣಿ' ಎಂದು ಕರೆದರು. ಅವರ ಜೊತೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. 1569ರಲ್ಲಿ ಹೊನ್ನಾವರದ ಕೋಟೆ ಅವರ ಪಾಲಾಯಿತು. ಆದರೂ ರಾಣಿ ಪಟ್ಟ ಬಿಡಲಿಲ್ಲ. ಒಟ್ಟು 54 ವರ್ಷ ಆಳಿದಳು. ಗಂಡಸರಲ್ಲೂ ಇಷ್ಟು ವರ್ಷ ಆಳಿದವರು ಅಪರೂಪ!

ಕೊನೆಗೆ ಅವಳನ್ನು ಸೋಲಿಸಿದ್ದು ಕಡಲಾಚೆಯವರಲ್ಲ. 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕ ರಾಜ್ಯ ಗೆದ್ದುಕೊಂಡ. ಮುದುಕಿಯಾಗಿದ್ದ ರಾಣಿ ಸೆರೆಯಲ್ಲೇ ತೀರಿಕೊಂಡಳು. ನೆನೆದರೆ ನಮಗೆ ಸಂಕಟವಾಗುತ್ತದೆ.

ಕುಮಟೆಯ ಹತ್ತಿರ ಮಿರ್ಜಾನ್ ಕೋಟೆ ಇದೆ. ಅದನ್ನು ಕಟ್ಟಿಸಿದ್ದು ಅವಳೇ ಎನ್ನುತ್ತಾರೆ. ಒಂದು ದಿನ ಬಸ್ಸು ಹತ್ತಿ ಹೋಗೋಣ. ಅಲ್ಲಿ ಬೋರ್ಡು ಹಾಕಿದ್ದಾರೆ. ಓದಿ ಹೇಳಿ ಅಂತ ಈಗ ಯಾರನ್ನೂ ಕೇಳಬೇಕಾಗಿಲ್ಲ.