ಮದುವೆ ಮನೆಯಲ್ಲಿ ಆಕಳಿಗೆ ಯಾರು?

ಅಕ್ಕಂದಿರೇ, ನನ್ನ ಮದುವೆಗೆ ನಾನು ಅರ್ಜಿ ಬರೆದು ರಜೆ ಪಡೆದೆ. ನಿಮಗೆ ಆ ಅನುಕೂಲವಿಲ್ಲ. ಜವಳಿ ತರುವ ದಿನವೂ, ಅಕ್ಕಿಕಾಳಿನ ದಿನವೂ ಎರಡು ಹೊತ್ತು ಹಿಂಡಿ ಡೇರಿಗೆ ಹಾಲು ಹಾಕಲೇಬೇಕು.

ಹಿಂದಿನ ಬೇಸಿಗೆಯಲ್ಲಿ ಹತ್ತಿಮತ್ತೂರಿನಿಂದ ನಸುಕಿನಲ್ಲೇ ಫೋನ್ ಬಂತು. ಮಗಳ ಮದುವೆ ಮುಗಿದ ಮರುದಿನ. ಉಳಿದ ಅನ್ನ, ಹುಗ್ಗಿ ಚೆಲ್ಲಲು ಮನಸ್ಸಾಗದೆ ಯಾರೋ ಬೀಗರು ಗೋದಲಿಗೆ ಸುರಿದಿದ್ದರು. ನಾನು ಹೋಗುವಷ್ಟರಲ್ಲಿ ಆಕಳು ಮಲಗಿಬಿಟ್ಟಿತ್ತು. ಹೊಟ್ಟೆ ಉಬ್ಬಿತ್ತು, ಸಗಣಿ ನೀರಾಗಿ ಹುಳಿ ವಾಸನೆ. ಸಂಜೆಯವರೆಗೂ ಉಳಿಯಲಿಲ್ಲ. ಮದುವೆ ಸಾಲಕ್ಕೆ ಆ ತಾಯಿ ನಂಬಿದ್ದು ಅದರ ಹಾಲನ್ನೇ.

ಅನ್ನ, ಸಿಹಿ ಹೆಚ್ಚಾದರೆ ಹೊಟ್ಟೆಯಲ್ಲಿ ಬೇಗ ಹುಳಿತು ಆಮ್ಲವಾಗುತ್ತದೆ. ಮೆಲುಕು ನಿಲ್ಲುತ್ತದೆ, ಆಮ್ಲ ರಕ್ತಕ್ಕೂ ಸೇರುತ್ತದೆ. ಒಂದೆರಡು ದಿನದಲ್ಲೇ ಜೀವ ಹೋಗಬಹುದು. ತಿಂದದ್ದು ಗೊತ್ತಾದ ಕೂಡಲೇ, ಹೊಟ್ಟೆ ಉಬ್ಬುವವರೆಗೆ ಕಾಯದೆ, ವೈದ್ಯರಿಗೆ ಇಲ್ಲವೇ 1962ಕ್ಕೆ ಫೋನ್ ಮಾಡಿ.

ಹಂದರದವರಿಗೆ ಹೇಳುವ ಮೊದಲೇ ದನ ನೋಡಿಕೊಳ್ಳುವವರನ್ನು ಗೊತ್ತು ಮಾಡಿ. ಹಿಂಡುವ ಕೈ ಬದಲಾಗುವುದಿದ್ದರೆ ಎಂಟು ದಿನ ಮುಂಚೆಯೇ ಅವರನ್ನು ನಿಮ್ಮ ಜೊತೆ ಕೂಡಿಸಿ ಹಿಂಡಿಸಿ. ಹೊಸ ಕೈಗೆ ಆಕಳು ಪೂರ್ತಿ ಹಾಲು ಇಳಿಸುವುದಿಲ್ಲ. ಹಾಲು ಉಳಿಯುತ್ತಾ ಹೋದರೆ ಕೆಚ್ಚಲು ಬಾವಿಗೆ ದಾರಿ. ಕಣಿಕಿ, ಹಿಂಡಿ ಮೊದಲೇ ತಂದಿಡಿ, ಅಳತೆಯ ಡಬ್ಬಿ ತೋರಿಸಿಕೊಡಿ. ಹಳಸಿದ ಅಡುಗೆ ಗುಂಡಿಗೆ ಹಾಕಿ ಮಣ್ಣು ಮುಚ್ಚಿಸಿ, ಓಣಿಯ ದನವೂ ಮುಟ್ಟಬಾರದು.

ಅನ್ನ ಚೆಲ್ಲಿದರೆ ಪಾಪ ಎನ್ನುವ ಅಜ್ಜಿ ನಮ್ಮ ಮನೆಯಲ್ಲೂ ಇದ್ದಾರೆ. ನನ್ನ ಮದುವೆಯಲ್ಲಿ ಅವರನ್ನೇ ಕೊಟ್ಟಿಗೆ ಬಾಗಿಲಲ್ಲಿ ಕೂಡಿಸಿದ್ದೆವು. ಬುಟ್ಟಿ ಹಿಡಿದು ಬಂದವರನ್ನೆಲ್ಲ ಬೈದು ವಾಪಸ್ ಕಳಿಸಿದರು.